ಹೆಸರು ಹೇಳಿದ ಗಾಯಕಿ

ಹಾಡು ಮುಗಿದ ಮರುಗಳಿಗೆಯಲ್ಲೇ ಒಂದು ಎತ್ತರದ ದನಿ ತನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಸಾರುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕಂಪೆನಿ ಮುದ್ರಿಸಿಕೊಂಡ ಕಾಲದ ರೂಢಿಯದು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು, ಅಷ್ಟೆ. ಆದರೆ ಮಂಗಳೂರಿನ ಬಂದರು ಓಣಿಯ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅದನ್ನು ಕೇಳುವಾಗ ನಮಗೆ ಆ ಕಾರಣ ನೆನಪಾಗುವುದಿಲ್ಲ. ನಮ್ಮ ದಾದಿಯ ಹೆಸರು ನಮಗೆ ಗೊತ್ತಾದದ್ದೇ ಅವರ ಮಯ್ಯಿತ್ತಿನ ದಿನ. ಅಲ್ಲಿಯವರೆಗೆ ಅವರು ಇಂಥವರ ಬೀವಿ, ಇಂಥವರ ಅಮ್ಮ.

ಅಮೆರಿಕದ ಬ್ರಾಡ್‌ವೇಯಲ್ಲಿ ಫ್ಯಾನಿ ಬ್ರೈಸ್ ಎಂಬ ನಟಿಯ ಬದುಕು 1964ರಲ್ಲೇ 'ಫನ್ನಿ ಗರ್ಲ್' ಎಂಬ ಸಂಗೀತ ನಾಟಕವಾಯಿತು. ಗೌಹರ್ ಜಾನ್ ರಂಗಕ್ಕೆ ಬರಲು ಬಹಳ ಕಾಲ ಬೇಕಾಯಿತು. ವಿಕ್ರಮ್ ಸಂಪತ್ 2010ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯನ್ನು ಆಧರಿಸಿ ಬೆಂಗಳೂರಿನ ಮಹೇಶ್ ದತ್ತಾನಿ 'ಗೌಹರ್' ನಾಟಕ ಬರೆದರು, ಲಿಲೆಟ್ ದುಬೆ ನಿರ್ದೇಶಿಸಿದರು. ತಾರುಣ್ಯದ ಗೌಹರ್ ಆಗಿ ರಾಜೇಶ್ವರಿ ಸಚ್‌ದೇವ್, ಇಳಿವಯಸ್ಸಿನವಳಾಗಿ ಗಾಯಕಿ ಝಿಲಾ ಖಾನ್. ನಾಟಕ ಇಂಗ್ಲಿಷಿನದು, ನಡುನಡುವೆ ಹಾಡು.

ಆಜಂಗಢದಲ್ಲಿ 1873ರಲ್ಲಿ ಆರ್ಮೇನಿಯನ್ ಕ್ರೈಸ್ತ ತಂದೆಗೆ ಏಂಜೆಲಿನಾ ಎಂಬ ಹೆಸರಿನಲ್ಲಿ ಹುಟ್ಟಿದ ಮಗು. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಮಲ್ಕಾ ಜಾನ್, ಮಗಳು ಗೌಹರ್ ಜಾನ್, ಇಬ್ಬರೂ ಮುಸ್ಲಿಮರಾದರು. 1911ರ ದಿಲ್ಲಿ ದರ್ಬಾರಿನಲ್ಲಿ ಹಾಡಿದ ಈಕೆಯ ಸಂಪತ್ತು ನಂಬಿದವರೊಂದಿಗಿನ ವ್ಯಾಜ್ಯಗಳಲ್ಲೇ ಕರಗಿತು.

ಉರ್ದು ಶಾಲೆಯಲ್ಲಿ ನಮಗೆ ಗಾಲಿಬ್, ದಾಗ್ ಅವರನ್ನು ಬಾಯಿಪಾಠ ಮಾಡಿಸಿದರು. ಆ ಗಜಲುಗಳನ್ನು ಊರೂರಿಗೆ ಮುಟ್ಟಿಸಿದ ತವಾಯಿಫರ ಹೆಸರನ್ನು ಯಾವ ಉಸ್ತಾದರೂ ಎತ್ತಲಿಲ್ಲ. ಹಾಡು ಹಲಾಲೋ ಹರಾಮೋ ಎಂಬ ಚರ್ಚೆ ಉಲಮಾಗಳಿಗಿರಲಿ. ಆದರೆ ಷೇರು ಕೇಳಿ ವಾಹ್ವಾ ಎಂದ ಗಂಡಸರೇ ಹಾಡಿದವಳ ಹೆಸರೆತ್ತಲು ನಾಚಿದರೆ ಅದಕ್ಕೆ ಏನನ್ನಬೇಕು? ಕನ್ನಡದವರೂ ಹಿಂದೆ ಬಿದ್ದಿಲ್ಲ. ಗೌಹರ್ ನಮ್ಮ ನೆಲದಲ್ಲೇ ಕಣ್ಮುಚ್ಚಿದಳೆಂಬುದು ಎಷ್ಟು ಮಂದಿಗೆ ಗೊತ್ತು?

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಮೈಸೂರಿನ ಆಸ್ಥಾನ ಗಾಯಕಿಯನ್ನಾಗಿ ಕರೆಸಿಕೊಂಡರು. ತಿಂಗಳಿಗೆ 500 ರೂಪಾಯಿ. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಕನ್ನಡದಲ್ಲಿ ಈ ನಾಟಕ ಬರೆಯುವವರು ಕಲ್ಕತ್ತೆಯ ವೈಭವವನ್ನು ಬೇಗ ಮುಗಿಸಿ ಮೈಸೂರಿಗೆ ಬರಬೇಕೆಂದು ನಮ್ಮ ಆಸೆ. ಗುರುತು ಪರಿಚಯವಿಲ್ಲದ ಊರು, ಇಳಿವಯಸ್ಸು. ಅಡುಗೆಯವಳು, ಹಾಲು ತರುವವನು, ಆಸ್ಪತ್ರೆಯ ದಾದಿ ಆಕೆಯನ್ನು ಯಾವ ಭಾಷೆಯಲ್ಲಿ ಮಾತನಾಡಿಸಿರಬಹುದು? ಏನೆಂದು ಕರೆದಿರಬಹುದು?