ಇಂಗಿನ ಡಬ್ಬಿ

ಮೊನ್ನೆ ಜಯನಗರ ನಾಲ್ಕನೆಯ ಬ್ಲಾಕಿನ ದಿನಸಿ ಅಂಗಡಿಯೊಂದರಲ್ಲಿ ಇಂಗಿನ ಡಬ್ಬಿ ಕೊಳ್ಳುತ್ತಿದ್ದಾಗ 2019ರ ಸಿಂಗಪುರ ಪ್ರವಾಸ ನೆನಪಾಯಿತು. ಮಗಳು ಆಗ ಅಲ್ಲಿ ಉದ್ಯೋಗದಲ್ಲಿದ್ದಳು. ಪರದೇಶದಲ್ಲಿ ಏನು ಸಿಗುತ್ತದೆಯೋ ಎಂಬ ಅಳುಕಿನಿಂದ ನನ್ನ ಶ್ರೀಮತಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿಗಳನ್ನು ಕಟ್ಟಿಕೊಂಡು ಬಂದಿದ್ದಳು.

ಆ ಅಳುಕು ಎರಡೇ ದಿನಗಳಲ್ಲಿ ಕರಗಿತು. ಸೆರಂಗೂನ್ ರಸ್ತೆಯಲ್ಲಿ, 1947ರಲ್ಲಿ ಆರಂಭವಾದ ಕೋಮಲ ವಿಲಾಸದಲ್ಲಿ ದೋಸೆ ತಿಂದೆವು. ಸಾಲು ಅಂಗಡಿಗಳ ಸಾರ್ವಜನಿಕ ಊಟದ ಕಟ್ಟೆಗಳಲ್ಲಿ, ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸಿದ ‘ಕೋಪಿ’ ಕುಡಿದೆವು. ಬಾಲ್ಯದಲ್ಲಿ ನನ್ನ ತಾಯಿಯೂ ಕಾಫಿಯನ್ನು ಬಟ್ಟೆಯಲ್ಲಿಯೇ ಸೋಸುತ್ತಿದ್ದರು. ಚೀನೀಯರು, ಮಲಯರು, ತಮಿಳರು ಒಟ್ಟಿಗೆ ಕುಳಿತುಣ್ಣುವ ಈ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ವಾಟರ್‌ಲೂ ಬೀದಿಯಲ್ಲಿ ಶ್ರೀಕೃಷ್ಣನ ಗುಡಿಯೂ ಕ್ವಾನ್ ಇಮ್ ದೇವಿಯ ಚೀನೀ ಗುಡಿಯೂ ಅಕ್ಕಪಕ್ಕದಲ್ಲಿವೆ. ದೇವಿಗೆ ಕೈಮುಗಿದು ಬಂದ ಚೀನೀಯರು ನಮ್ಮ ಕೃಷ್ಣನಿಗೂ ಊದಿನಕಡ್ಡಿ ಹಚ್ಚುವುದನ್ನು ಕಂಡು ಕಣ್ಣು ತುಂಬಿತು. ಸಮೀಪದಲ್ಲಿಯೇ ಬೌದ್ಧರ ಸಸ್ಯಾಹಾರಿ ಅಂಗಡಿಯೊಂದಿತ್ತು. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಅನೇಕರು ಮಾಂಸಾಹಾರ ಬಿಡುತ್ತಾರಂತೆ. ಬೌದ್ಧರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳೂ ಇಲ್ಲವಂತೆ. ‘ನಮ್ಮವರೇ ಸಿಕ್ಕರು’ ಎಂದು ಶ್ರೀಮತಿ ಹಿಗ್ಗಿ, ಅವರ ಅನ್ನಕ್ಕೆ ಗೊಜ್ಜು ಕಲೆಸಲು ಡಬ್ಬಿ ತೆರೆದಳು.

ಅಂಗಡಿಯ ವೃದ್ಧೆ ಕೂಡಲೇ ಬಳಿಗೆ ಬಂದರು. ಮೊಮ್ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು: ಅವರ ಶಾಸ್ತ್ರದಲ್ಲಿ ವರ್ಜ್ಯವಾದ ಐದು ಘಾಟು ಪದಾರ್ಥಗಳಲ್ಲಿ ಇಂಗೂ ಒಂದು! “ಇದು ದೇವರ ನೈವೇದ್ಯಕ್ಕೇ ಹಾಕುವುದಲ್ಲವೇನ್ರೀ?” ಎಂದು ಶ್ರೀಮತಿ ನನ್ನ ಮುಖ ನೋಡಿದಳು. ನಾಚಿಕೆಯಿಂದ ಏಳಹೊರಟೆವು. ವೃದ್ಧೆ ನಮ್ಮನ್ನು ಏಳಗೊಡಲಿಲ್ಲ. ಕಾಗದದ ತಟ್ಟೆಗಳನ್ನು ತಂದಿಟ್ಟು, ಗೊಜ್ಜನ್ನು ಅದರಲ್ಲಿ ಬಡಿಸಿಕೊಳ್ಳಿರೆಂದು ಸನ್ನೆ ಮಾಡಿ, ಮೇಲೊಂದು ಬಟ್ಟಲು ತೋಫು ಕೊಟ್ಟು ನಕ್ಕರು. ತಟ್ಟೆ ಮಾತ್ರ ಬೇರೆಯಾಯಿತು, ಮೇಜು ಅದೇ.

ಆ ತುತ್ತು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಎಂಬತ್ತರ ದಶಕದಲ್ಲಿ ನನ್ನ ತರಗತಿಗೆ ಕರಾವಳಿಯಿಂದ ಬಂದ ಹುಡುಗನೊಬ್ಬ ಸೇರಿದ್ದ. ಒಂದು ಮಧ್ಯಾಹ್ನ ಅವನ ಡಬ್ಬಿಯ ಒಣಮೀನಿನ ಚಟ್ನಿಯ ವಾಸನೆಗೆ ಉಳಿದ ಮಕ್ಕಳು ಮೂಗು ಮುಚ್ಚಿಕೊಂಡರು. “ನೀನು ಹೊರಗೆ ಜಗಲಿಯ ಮೇಲೆ ಕುಳಿತು ತಿನ್ನಪ್ಪಾ” ಎಂದೆ. ಕೆಲವು ದಿನ ಅಲ್ಲಿಯೇ ಕುಳಿತು ಉಂಡ. ಆಮೇಲೆ ಡಬ್ಬಿ ತರುವುದನ್ನೇ ಬಿಟ್ಟ. ಸಮಸ್ಯೆ ತಾನಾಗಿ ಬಗೆಹರಿಯಿತೆಂದು ನಾನು ಸಮಾಧಾನಪಟ್ಟೆನೇ ಹೊರತು, ಮಧ್ಯಾಹ್ನ ಅವನು ಏನು ತಿನ್ನುತ್ತಾನೆಂದು ಒಂದು ದಿನವೂ ವಿಚಾರಿಸಲಿಲ್ಲ.

ಮಕ್ಕಳಿಗೆ ‘ವಸುಧೈವ ಕುಟುಂಬಕಂ’ ಎಂದು ಬೋಧಿಸಿದ್ದ ಮೇಷ್ಟ್ರಿಗೆ ಅದರ ಅರ್ಥ ತಿಳಿಸಲು, ನನ್ನ ಭಾಷೆಯರಿಯದ ತಾಯಿಯೊಬ್ಬರು ಬೇಕಾಯಿತು.

ಆ ಹುಡುಗ ಈಗೆಲ್ಲಿರುವನೋ ಅರಿಯೆ. ಅವನ ಸಹಪಾಠಿಗಳಾದ ನೀವು ಯಾರಾದರೂ ಇದನ್ನು ಓದಿದರೆ, ಮೇಷ್ಟ್ರು ಕ್ಷಮೆ ಕೇಳಿದರೆಂದು ಅವನಿಗೆ ತಿಳಿಸಿರಿ. ಮನೆಗೆ ಊಟಕ್ಕೆ ಬರಲಿ, ಡಬ್ಬಿಯನ್ನೂ ತರಲಿ.