ನ್ಯಾಮತಿ ಅತ್ತೆಯ ಕ್ರೈಂ ಸ್ಟೋರಿ

ಆಫೀಸಿಗೆ ಹೋಗಿ ಬರೋ ಟ್ರಾಫಿಕ್‌ನಲ್ಲಿ ನಾನು ಕೇಳೋದು ಒಂದೇ, ಕ್ರೈಂ ಪಾಡ್‌ಕಾಸ್ಟ್. ದಂಡುಪಾಳ್ಯದಿಂದ ಸಯನೈಡ್ ಮೋಹನ್‌ವರೆಗೆ ಯಾವುದನ್ನೂ ಬಿಟ್ಟಿಲ್ಲ. ಇದು ಹೇಗೋ ನ್ಯಾಮತಿಯಲ್ಲಿರುವ ನಮ್ಮ ಅತ್ತೆಯ ಕಿವಿಗೆ ಬಿದ್ದಿದೆ. ಒಂದು ರಾತ್ರಿ ಫೋನ್ ಮಾಡಿದರು.

"ಎಲ್ಲೆಲ್ಲಿದೋ ಕೊಲೆ ಸುಲಿಗೆ ಕಿವಿಗೆ ಸಿಗಿಸ್ಕೊಂಡು ಓಡಾಡ್ತೀಯಂತಲ್ಲೋ. ಇಲ್ಲಿಗೆ ಬಾ, ನಾನೇ ಹೇಳ್ತೀನಿ. ಊಟಾನೂ ಹಾಕ್ತೀನಿ."

ಮೂರು ದಿನ ರಜೆ ಸಿಕ್ಕಿತ್ತು. ನೇರ ನ್ಯಾಮತಿಗೆ ಹೋಗೋದು ಬಿಟ್ಟು ನಾಲ್ಕು ತಾಲೂಕು ಸುತ್ತುವ ಪ್ಲಾನ್ ಹಾಕಿದೆ: ಜಗಳೂರು, ಚನ್ನಗಿರಿ, ಹೊನ್ನಾಳಿ, ಕೊನೆಗೆ ನ್ಯಾಮತಿ. ಇವತ್ತು ನಾಲ್ಕೂ ದಾವಣಗೆರೆ ಜಿಲ್ಲೆ. 1997ಕ್ಕೆ ಮುಂಚೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗಕ್ಕೆ. ನ್ಯಾಮತಿಯಂತೂ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಗಿದ್ದು ಮೊನ್ನೆ ಮೊನ್ನೆ.

ಚಿತ್ರದುರ್ಗದಲ್ಲಿ ಹೈವೇ ಬಿಟ್ಟು ಜಗಳೂರು ಕಡೆ ತಿರುಗಿದೆ. ಸಹೋದ್ಯೋಗಿಯೊಬ್ಬನ ಹಳ್ಳಿ ಅಲ್ಲಿ. "ನಿಮ್ಮ ಕಡೆ ಫೇಮಸ್ ಕ್ರೈಂ ಯಾವುದು?" ಅಂದರೆ ಅವನ ಅಪ್ಪ ಜೋರಾಗಿ ನಕ್ಕರು. "ಕದಿಯಾಕೆ ಇಲ್ಲಿ ಏನೈತಪ್ಪ? ಮಳೆನೇ ಇರಲಿಲ್ಲ. ಬೋರ್ ಕೊರೆಸಿ ಕೊರೆಸಿ ನಾವೇ ಬರಿಗೈ ಆಗಿದ್ವಿ." ಆಮೇಲೆ ಏನು ಅನ್ನಿಸಿತೋ, ಊರ ಗುಡಿ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಅರ್ಧ ಹೂತ ಒಂದು ಕಲ್ಲು, ಅದಕ್ಕೆ ಯಾರೋ ಆಡು ಕಟ್ಟಿದ್ದರು. ವೀರಗಲ್ಲು.

ಇಂಥ ಕಲ್ಲು ನೀವೂ ನೋಡಿರ್ತೀರಿ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದವನು, ಪಕ್ಕದಲ್ಲಿ ಹಸುಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಹಸು ಕೆತ್ತಿದ್ದರೆ ಅದು ತುರುಗಾಳಗ, ಅಂದರೆ ದನ ಕದಿಯಲು ಬಂದವರ ಜೊತೆ ಹೋರಾಡಿ ಸತ್ತವನ ಕಥೆ. ನನ್ನ ಲೆಕ್ಕದಲ್ಲಿ ಇದೇ ಆ ಕಾಲದ ಎಫ್‌ಐಆರ್. ವ್ಯತ್ಯಾಸ ಅಂದರೆ ನಮ್ಮ ಪಾಡ್‌ಕಾಸ್ಟ್‌ಗಳಲ್ಲಿ ಕೊಂದವನ ಫೋಟೊ ಥಂಬ್‌ನೇಲ್ ಆಗುತ್ತೆ, ಇಲ್ಲಿ ಸತ್ತವನದು. ಆಡು ಕಲ್ಲಿಗೆ ಮೈ ಉಜ್ಜುತ್ತಾ ನಿಂತಿತ್ತು.

ದಾವಣಗೆರೆಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಬೆಣ್ಣೆದೋಸೆ ಮುಗಿಸಿ (ಎರಡು ತಿಂದೆ, ಸುಳ್ಳು ಹೇಳಲ್ಲ) ಚನ್ನಗಿರಿ ರಸ್ತೆ ಹಿಡಿದೆ. ದಾರಿಯಲ್ಲಿ ಸೂಳೆಕೆರೆ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ ಅಂತಿರುತ್ತೆ, ಬಸ್ ಕಂಡಕ್ಟರ್ ಬಾಯಲ್ಲಿ ಸೂಳೆಕೆರೆನೇ. ನೀರು ನೋಡಿದರೆ ಕೆರೆ ಅನ್ನಲು ಬಾಯಿ ಬರಲ್ಲ, ಸಮುದ್ರದ ತುಂಡಿನ ಹಾಗಿದೆ.

ಇಲ್ಲಿನ ಗುಡ್ಡದ ಹತ್ತಿರ 2020ರ ಜುಲೈನಲ್ಲಿ ಒಬ್ಬ ವ್ಯಕ್ತಿಯ ಹೆಣ ಸಿಕ್ಕಿತ್ತು. ಗುಂಡೇಟು. ಆಗ ಜಿಲ್ಲಾ ಪೊಲೀಸರು ಕರೆತಂದಿದ್ದು ತುಂಗಾಳನ್ನ. ತುಂಗಾ ಡಾಬರ್‌ಮನ್ ತಳಿಯ ಹೆಣ್ಣು ನಾಯಿ, ಆಗಲೇ ಅವಳಿಗೆ ವಯಸ್ಸಾಗಿತ್ತು. ವಾಸನೆ ಹಿಡಿದು ಹೊರಟವಳು ನಿಂತಿದ್ದು ಸುಮಾರು 12 ಕಿಲೋಮೀಟರ್ ಆಚೆ, ಕಾಶೀಪುರ ತಾಂಡಾದಲ್ಲಿ. ಪೊಲೀಸ್ ನಾಯಿಗಳು ಸಾಮಾನ್ಯವಾಗಿ ಒಂದಷ್ಟು ದೂರ ಓಡಿ ರಸ್ತೆಗೆ ಬಂದು ವಾಸನೆ ಕಳೆದುಕೊಳ್ಳುತ್ತವೆ. ಆರೋಪಿ ಅಲ್ಲಿಂದ ವಾಹನ ಹತ್ತಿಬಿಟ್ಟರೆ ಮುಗೀತು. ಇವಳು ಹಾಗೆ ನಿಲ್ಲಲಿಲ್ಲ. ಅದೇ ಸುಳಿವಿನಿಂದ ಆರೋಪಿ ಸಿಕ್ಕ. ಬೆಂಗಳೂರಿಂದ ಬಂದ ಹಿರಿಯ ಅಧಿಕಾರಿಗಳು ಅವಳಿಗೆ ಹಾರ ಹಾಕಿ ಸನ್ಮಾನ ಮಾಡಿದರು. 2022ರಲ್ಲಿ ತೀರಿಕೊಂಡಳು.

ಕೆರೆ ಏರಿ ಮೇಲೆ ಚುರುಮುರಿ ಮಾಡುತ್ತಿದ್ದವರನ್ನು ಕೇಳಿದೆ. ಮುಖ ಅರಳಿಬಿಟ್ಟಿತು. "ತುಂಗಾನಾ! ಇಲ್ಲೇ ಹಿಂಗೇ ಹೋಗಿದ್ದು ನೋಡ್ರಿ" ಅಂತ ಕೈ ತೋರಿಸಿದರು. ಆ ಸತ್ತ ಮನುಷ್ಯ ಯಾವ ಊರವನು ಅಂದೆ. "ಅದೇನೋ ಗೊತ್ತಿಲ್ರಿ."

ಚನ್ನಗಿರಿ ಹತ್ತಿರ ಬರುತ್ತಿದ್ದಂತೆ ಎರಡೂ ಕಡೆ ಅಡಿಕೆ ತೋಟ ಶುರು. ಈ ಊರಿನ ಹೆಸರಿನ ಹಿಂದೆಯೇ ಒಂದು ಕೊಲೆ ಇದೆ. ಊರಿಗೆ ಹೆಸರು ಬಂದಿದ್ದು ಕೆಳದಿ ಚೆನ್ನಮ್ಮಾಜಿಯಿಂದ. ಅವಳು 17ನೇ ಶತಮಾನದಲ್ಲಿ ಪಟ್ಟಕ್ಕೆ ಬಂದಿದ್ದು ಗಂಡ ಸೋಮಶೇಖರ ನಾಯಕನ ಕೊಲೆಯಾದ ಮೇಲೆ. ರಾಜನಿಗೆ ಬುದ್ಧಿ ಕೆಟ್ಟಿತ್ತು, ಆಸ್ಥಾನದಲ್ಲಿ ಒಬ್ಬೊಬ್ಬರದು ಒಂದೊಂದು ಗುಂಪು, ಹೊರಗೆ ಬಿಜಾಪುರದ ಸೈನ್ಯ. ಗಂಡ ಹೋದ ಮನೆಯಲ್ಲಿ ಅಳುತ್ತಾ ಕೂರದೆ ಇಪ್ಪತ್ತೈದು ವರ್ಷ ರಾಜ್ಯ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೂ ಇವಳೇ. ಕೋಟೆ ಬೆಟ್ಟ ಹತ್ತಿ ರಂಗನಾಥಸ್ವಾಮಿಗೆ ಕೈ ಮುಗಿದು ಸ್ವಲ್ಪ ಹೊತ್ತು ಕೂತೆ. ಕೆಳಗೆ ಊರು ಪೂರ್ತಿ ಕಾಣುತ್ತೆ.

ಇದೇ ಊರಲ್ಲಿ ಹುಟ್ಟಿದ ಇನ್ನೊಬ್ಬ ಧೋಂಡಿಯಾ ವಾಘ್. ಇಂಗ್ಲಿಷರ ಕಾಗದದಲ್ಲಿ ಅವನು ದರೋಡೆಕೋರ. ಟಿಪ್ಪುವಿನ ಸೆರೆಯಲ್ಲಿದ್ದ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ, ಚದುರಿಹೋದ ಸೈನಿಕರನ್ನು ಕೂಡಿಸಿಕೊಂಡು ಈ ಸೀಮೆಯಲ್ಲೆಲ್ಲ ಓಡಾಡಿದ. ತನ್ನನ್ನೇ 'ಉಭಯ ಲೋಕಾಧೀಶ್ವರ' ಅಂತ ಕರೆದುಕೊಂಡ. ಅವನ ಬೆನ್ನು ಹತ್ತಿದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೇ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾನನ್ನು ಮುಗಿಸಿದ. ಅನಾಥನಾದ ಅವನ ಚಿಕ್ಕ ಮಗ ಸಲಾಬತ್ ಖಾನ್‌ನನ್ನು ಸಾಕುವ ಜವಾಬ್ದಾರಿಯನ್ನು ವೆಲ್ಲೆಸ್ಲಿಯೇ ಹೊತ್ತ. ದರೋಡೆಕೋರನೋ, ಬಂಡಾಯಗಾರನೋ? ಇವತ್ತು ಇಬ್ಬರು ಕೂತರೆ ಎರಡು ಅಭಿಪ್ರಾಯ. ನನಗಂತೂ ಆ ಮಗುವಿನ ವಿಷಯವೇ ತಲೆಯಲ್ಲಿ ಉಳಿಯಿತು.

ಬೆಟ್ಟ ಇಳಿದು ಟೀ ಕುಡಿಯುತ್ತಾ ಇದನ್ನೆಲ್ಲ ಅಂಗಡಿಯವರ ಹತ್ತಿರ ಹೇಳಿದೆ. ಖುಷಿಯಿಂದ ಕೇಳಿದರು. ಅದೇ ಧಾಟಿಯಲ್ಲಿ, ಮಟ್ಕಾ ವಿಚಾರವಾಗಿ ಠಾಣೆಗೆ ಕರೆತಂದ ಯುವಕನೊಬ್ಬ ಸತ್ತ ವಿಷಯ ತೆಗೆದೆ. 2024ರ ಮೇ ತಿಂಗಳದು. ಲಾಕಪ್ ಡೆತ್ ಅಂತ ಮನೆಯವರು ಆರೋಪಿಸಿದ್ದರು. ಜನ ಠಾಣೆಗೆ ನುಗ್ಗಿ ಕಲ್ಲು ತೂರಿದರು, ವಾಹನಗಳು ಜಖಂ ಆದವು, ಪೊಲೀಸರಿಗೆ ಗಾಯಗಳಾದವು, ಅಧಿಕಾರಿಗಳು ಸಸ್ಪೆಂಡ್ ಆದರು, ತನಿಖೆ ಸಿಐಡಿಗೆ ಹೋಯಿತು. ಅಂಗಡಿಯವರು ಲೋಟ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಅಡಿಕೆ ರೇಟು ಈ ವಾರ ಪರವಾಗಿಲ್ಲ ಸಾರ್" ಅಂದರು.

ಟೀ ದುಡ್ಡು ಕೊಟ್ಟು ಎದ್ದೆ. ಇನ್ನೂರು ವರ್ಷ ಹಳೆಯದಾದರೆ ಕಥೆ. ಆ ಕಲ್ಲು ಬಿದ್ದ ಬೀದಿಯಲ್ಲೇ ದಿನಾ ಅಂಗಡಿ ತೆಗೆಯುವವರಿಗೆ ಅದು ಕಥೆ ಅಲ್ಲ.

ಹೊನ್ನಾಳಿಗೆ ಬಂದಾಗ ಮಧ್ಯಾಹ್ನ. ತುಂಗಭದ್ರೆ ದಡದ ರಾಯರ ಮಠದಲ್ಲಿ ಊಟ ಆಯಿತು. ಅಲ್ಲಿಂದ ನ್ಯಾಮತಿ ಕಡೆ ಹೋಗುವಾಗ ತುಂಗಾ ಕಾಲುವೆ ಸಿಗುತ್ತೆ. 2022ರ ನವೆಂಬರ್‌ನಲ್ಲಿ ಇದೇ ಕಾಲುವೆಯಿಂದ ಒಂದು ಕಾರನ್ನು ಎತ್ತಿದ್ದರು, ಒಳಗೆ ನಾಲ್ಕು ದಿನದಿಂದ ಕಾಣೆಯಾಗಿದ್ದ ಯುವಕನ ಶವ. ರಾಜಕೀಯ ಕುಟುಂಬದ ಹುಡುಗ ಆದ್ದರಿಂದ ಎಲ್ಲ ಚಾನೆಲ್‌ಗಳಲ್ಲೂ ಅದೇ ಸುದ್ದಿ. ಅತಿವೇಗದ ಅಪಘಾತ ಅನ್ನೋದು ಪೊಲೀಸರ ನಿಲುವು, ಕೊಲೆ ಅನ್ನೋದು ಮನೆಯವರ ಮಾತು. ಯೂಟ್ಯೂಬ್‌ನಲ್ಲಂತೂ ಹಗ್ಗದ ಥಿಯರಿ, ಸೀಟಿನ ಥಿಯರಿ, ಮೊಬೈಲ್ ಲೊಕೇಶನ್ ಥಿಯರಿ. ನಾನೂ ಎಲ್ಲವನ್ನೂ ನೋಡಿದವನೇ, ಒಂದೆರಡಕ್ಕೆ ಕಾಮೆಂಟ್ ಕೂಡ ಹಾಕಿದ್ದೆ.

ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದೆ. ಕಾಲುವೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆ ಎತ್ತಿ ಕೇಳಿದರು, "ನೀವೂ ವಿಡಿಯೋ ಮಾಡಾಕೆ ಬಂದ್ರಾ?"

ಇಲ್ಲಮ್ಮ ಅಂತ ಮೊಬೈಲ್ ಜೇಬಿಗಿಟ್ಟೆ. ಕೆನ್ನೆಗೆ ಹೊಡೆದ ಹಾಗಾಯಿತು, ನಿಜ ಹೇಳಬೇಕೆಂದರೆ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ರಾತ್ರಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ತಟ್ಟೆ ಖಾಲಿಯಾಗುವವರೆಗೆ ಕ್ರೈಂ ಮಾತೇ ಎತ್ತಲಿಲ್ಲ. ಆಮೇಲೆ ಎಲೆ ಅಡಿಕೆ ಹಿಡಿದು ಜಗಲಿಯಲ್ಲಿ ಕೂತರು.

ನ್ಯಾಮತಿ ಬ್ಯಾಂಕ್ ಕಳವು ನಿಮಗೂ ಗೊತ್ತಿರುತ್ತೆ. 2024ರ ಅಕ್ಟೋಬರ್ 26, ಶನಿವಾರ ರಾತ್ರಿ. ಸೋಮವಾರ ಬೆಳಿಗ್ಗೆ ಎಸ್‌ಬಿಐ ಶಾಖೆ ಬಾಗಿಲು ತೆಗೆದಾಗ ಕಿಟಕಿ ಸರಳು ಕಿತ್ತಿತ್ತು, ಲಾಕರ್ ಕೊರೆದಿತ್ತು. ಜನ ಅಡವಿಟ್ಟಿದ್ದ ಸುಮಾರು 17.7 ಕೆ.ಜಿ. ಚಿನ್ನ ಇಲ್ಲ. ಬೆಲೆ 13 ಕೋಟಿ ಅಂದರು. ನೆಲದ ತುಂಬಾ ಖಾರದ ಪುಡಿ, ನಾಯಿಗೆ ವಾಸನೆ ಸಿಗಬಾರದು ಅಂತ. ಸಿಸಿ ಕ್ಯಾಮೆರಾದ ಡಿವಿಆರ್ ಅನ್ನೂ ಹೊತ್ತೊಯ್ದಿದ್ದರು.

ಅವತ್ತಿಗೆ ದೀಪಾವಳಿಗೆ ಮೂರೇ ದಿನ.

"ನನ್ನ ಒಡವೆ ಆ ಬ್ಯಾಂಕಲ್ಲಿ ಇರಲಿಲ್ಲ ಕಣೋ, ಬೇರೆ ಕಡೆ ಇತ್ತು. ಆದ್ರೂ ಕೈಕಾಲು ನಡುಗಿ, ರಸೀದಿ ಹಿಡ್ಕೊಂಡು ಓಡಿ ಹೋಗಿ ನೋಡ್ಕೊಂಡು ಬಂದೆ" ಅಂದರು ಅತ್ತೆ. ಪಕ್ಕದ ಮನೆಯಾಕೆಯದು ಅಲ್ಲೇ ಇತ್ತು. ಮಗಳ ಮದುವೆಗೆ ಅಂತ ಮಾಡಿಸಿದ ಬಳೆ, ಸರ. ಅಡಿಕೆ ತೋಟಕ್ಕೆ ದುಡ್ಡು ಬೇಕಾಗಿ ಅಡ ಇಟ್ಟಿದ್ದರು, ಬೆಳೆ ಬಂದ ಮೇಲೆ ಬಿಡಿಸುವ ಲೆಕ್ಕ. ನಮ್ಮಂಥವರಿಗೆ ಗೋಲ್ಡ್ ಲೋನ್ ಅಂದರೆ ಆ್ಯಪ್‌ನಲ್ಲಿ ಬರುವ ಒಂದು ಆಫರ್. ಈ ಕಡೆ ಅದು ಬೀಜ, ಗೊಬ್ಬರ, ಕಾಲೇಜು ಫೀಸು, ಆಸ್ಪತ್ರೆ ಬಿಲ್ಲು.

ಮದುವೆ ನಿಲ್ಲಲಿಲ್ಲ. ಮದುಮಗಳು ಹಾಕಿಕೊಂಡಿದ್ದು ನಮ್ಮ ಅತ್ತೆಯ ಅವಲಕ್ಕಿ ಸರ. "ಫೋಟೋದಲ್ಲಿ ನೋಡು, ಎಷ್ಟು ಚೆಂದ ಕಾಣ್ತಾಳೆ" ಅಂತ ಮೊಬೈಲ್ ತೋರಿಸಿದರು.

ಐದು ತಿಂಗಳು ಸುಳಿವಿಲ್ಲ. ಉತ್ತರ ಪ್ರದೇಶದ ಕಕ್ರಾಲಾ ಕಡೆಯ ಗ್ಯಾಂಗ್ ಮೇಲೆ ಅನುಮಾನ ಹೋಗಿತ್ತು. 2025ರ ಮಾರ್ಚ್‌ನಲ್ಲಿ ಆ ಕಡೆಯವರು ಇದೇ ಸೀಮೆಯಲ್ಲಿ ಸಿಕ್ಕಿಬಿದ್ದಾಗ, ಇವರೇ ಅಂತ ಊರೆಲ್ಲ ತೀರ್ಮಾನ ಮಾಡಿಬಿಟ್ಟಿತು. ಅದೇ ಮಾರ್ಚ್ ಕೊನೆಗೆ, ಯುಗಾದಿ ಹೊತ್ತಿಗೆ, ಪೊಲೀಸರು ಹೇಳಿದ್ದು ಬೇರೆಯೇ. ಬಂಧಿತರು ಆರು ಜನ. ಮುಖ್ಯ ಆರೋಪಿ ತಮಿಳುನಾಡು ಮೂಲದವನು, ಆದರೆ ವರ್ಷಗಟ್ಟಲೆ ನ್ಯಾಮತಿಯಲ್ಲೇ ಸಿಹಿ ತಿಂಡಿ ಅಂಗಡಿ ನಡೆಸುತ್ತಿದ್ದವನು. ಆರು ಜನರಲ್ಲಿ ಮೂವರು ಈ ಕಡೆಯ ಹುಡುಗರೇ. ಪೊಲೀಸರ ಪ್ರಕಾರ, 15 ಲಕ್ಷದ ಸಾಲದ ಅರ್ಜಿ ತಿರಸ್ಕಾರವಾದ ಸಿಟ್ಟು, ಮೇಲೆ 'ಮನಿ ಹೈಸ್ಟ್' ಸೀರೀಸು ಮತ್ತು ಯೂಟ್ಯೂಬ್ ವಿಡಿಯೋ ನೋಡಿ ತಿಂಗಳುಗಟ್ಟಲೆ ತಯಾರಿ. ಕಳವಿನ ರಾತ್ರಿ ಯಾರೂ ಮೊಬೈಲ್ ಬಳಸಿರಲಿಲ್ಲ. ಚಿನ್ನದ ಬಹುಪಾಲು ಸಿಕ್ಕಿದ್ದು ಮದುರೈ ಜಿಲ್ಲೆಯ ಉಸಿಲಂಪಟ್ಟಿ ಬಳಿಯ ಬಾವಿಯಲ್ಲಿ, ಪೆಟ್ಟಿಗೆಯೊಳಗೆ ತುಂಬಿ ಮುಳುಗಿಸಿಟ್ಟಿದ್ದರು. ಆರೋಪ ಸಾಬೀತಾಗಬೇಕಾದ್ದು ಕೋರ್ಟಿನಲ್ಲಿ, ಅದು ಬೇರೆ ಮಾತು.

ಪಾಡ್‌ಕಾಸ್ಟ್ ಆಗಿದ್ದರೆ ಬಾವಿಯಿಂದ ಪೆಟ್ಟಿಗೆ ಮೇಲೆ ಬಂದಾಗ ಮ್ಯೂಸಿಕ್ ಹಾಕಿ ಎಪಿಸೋಡ್ ಮುಗಿಸುತ್ತಿದ್ದರು. ನಾನೂ ಇಲ್ಲಿಗೆ ಮುಗೀತು ಅಂತಲೇ ಅಂದುಕೊಂಡೆ.

ಅತ್ತೆ ಮುಗಿಸಿರಲಿಲ್ಲ.

"ಕಂಬಳಿ, ಬೆಡ್‌ಶೀಟ್ ಮಾರೋಕೆ ಒಬ್ಬ ಹುಡುಗ ಬರ್ತಿದ್ದ ಕಣೋ. ಆ ಕಡೆಯವನು, ಹಿಂದಿ ಹುಡುಗ. ಸೈಕಲ್ ಮೇಲೆ. ಪ್ರತಿ ಚಳಿಗಾಲ ಬರ್ತಿದ್ದ, ಇದೇ ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗ್ತಿದ್ದ. ನಂಗೆ ಹಿಂದಿ ಬರಲ್ಲ, ಅವನಿಗೆ ಕನ್ನಡ ಅರೆಬರೆ. ಆದ್ರೂ ಅರ್ಧ ಗಂಟೆ ಮಾತಾಡ್ತಿದ್ವಿ."

ಕಳವಾದ ಮೇಲಿನ ಚಳಿಗಾಲದಲ್ಲೂ ಅವನು ಬಂದ. ಬೀದಿಯವರೆಲ್ಲ ಅವನನ್ನು ನಿಲ್ಲಿಸಿದರು. ಆಧಾರ್ ತೋರಿಸು ಅಂದರು, ಗಂಟು ಬಿಚ್ಚಿಸಿದರು, ಒಬ್ಬ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೂ ಹಾಕಿದ. ಅವನು ಅತ್ತೆ ಕಡೆ ನೋಡಿದನಂತೆ.

"ನೀವೇನು ಮಾಡಿದ್ರಿ ಅತ್ತೆ?"

"ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಡಿಕೆ ಬಾಯಿಗೆ ಹಾಕಿಕೊಂಡರು. "ಅವತ್ತು ಗಂಟು ಬಿಚ್ಚಿಸಿದವರು ಅಲ್ಲಿಂದ ಸೀದಾ ಖಾರ ಬೂಂದಿ ತಿನ್ನಾಕೆ ಹೋಗಿರ್ತಾರೆ ನೋಡು" ಅಂದರು. ನಗು ಬರಲಿಲ್ಲ, ಇಬ್ಬರಿಗೂ.

ಆ ಅಂಗಡಿಯ ಬಗ್ಗೆ ಕೇಳಿದರೆ ಅತ್ತೆಗೆ ಸಿಟ್ಟಿಗಿಂತ ಗೊಂದಲವೇ ಜಾಸ್ತಿ. ಈಗ ಹೊಸ ಅಂಗಡಿಯವರು ಒಂದು ತುಂಡು ಸ್ಯಾಂಪಲ್ ಕೈಗಿಟ್ಟರೂ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಾರಂತೆ. ಪಕ್ಕದ ಮನೆಯಾಕೆ ಬ್ಯಾಂಕ್ ಇರುವ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ಆ ಕಿಟಕಿ ಕಡೆ ಒಮ್ಮೆ ತಿರುಗಿ ನೋಡುತ್ತಾರಂತೆ.

ಮರುದಿನ ಬೆಳಿಗ್ಗೆ ಹೊರಡುವಾಗ ಅತ್ತೆ ಹಪ್ಪಳ, ಮೆಣಸಿನಕಾಯಿ, ಎರಡು ಕೆ.ಜಿ. ಶೇಂಗಾ ಕಾರಿಗೆ ತುಂಬಿದರು. ಅಷ್ಟರಲ್ಲಿ ಬೀದಿ ತುದಿಯಲ್ಲಿ ಸೈಕಲ್ ಬೆಲ್ಲು, "ಚಾದರ್, ಕಂಬಳೀ" ಅನ್ನುವ ಕೂಗು. ಅತ್ತೆ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಗೇಟಿಗೆ ಓಡಿದರು.

ಬೇರೆ ಹುಡುಗ. ಹತ್ತೊಂಬತ್ತು ಇಪ್ಪತ್ತು ವಯಸ್ಸಿರಬಹುದು.

ಅತ್ತೆ ಗೇಟು ಹಿಡಿದು ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಹಿಂದಿ ಬರ್ತದಲ್ಲ, ಕೇಳು ಅವನ್ನ. ಮುಂಚೆ ಒಬ್ಬ ಬರ್ತಿದ್ದ, ಎಡಗೈಗೆ ಕೆಂಪು ದಾರ ಕಟ್ಟಿರ್ತಿದ್ದ, ಅವನೇನಾದ್ರೂ ಗೊತ್ತಾ ಅಂತ" ಅಂದರು.

ಕೇಳಿದೆ. ಹುಡುಗ ತಲೆಯಾಡಿಸಿದ, ಗೊತ್ತಿಲ್ಲ ಅಂತ.

"ಇರಲಿ, ಕೂತ್ಕೋ ಅನ್ನು" ಅಂತ ಅತ್ತೆ ಮಜ್ಜಿಗೆ ತರಲು ಒಳಗೆ ಹೋದರು.