ಮೂರನೇ ಬ್ಲಾಕಿನಿಂದ ಲಾಲ್‌ಬಾಗಿಗೆ, ನಾಲ್ಕು ಚಕ್ರದ ಮೇಲೆ

ಎರಡನೇ ಹೆರಿಗೆಯಾಗಿ ನಾಲ್ಕು ತಿಂಗಳಾಗಿತ್ತು. ದೊಡ್ಡವಳಿಗೆ ಮೂರೂವರೆ ವರ್ಷ, ಚಿಕ್ಕವನಿಗೆ ಆಗಷ್ಟೇ ಕತ್ತು ನಿಲ್ಲುತ್ತಿತ್ತು. ಸಿಸೇರಿಯನ್ ಆದ ನನಗೆ ಡಾಕ್ಟರು "ದಿನಾ ಸ್ವಲ್ಪ ನಡೀರಿ" ಅಂದಿದ್ದರು. ಎಲ್ಲಿ ನಡೆಯೋದು? ನಮ್ಮದು ಜಯನಗರ ಮೂರನೇ ಬ್ಲಾಕಿನ ಹಳೇ ಮನೆ, ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಒಂದು ಕೂಸು ಕಂಕುಳಲ್ಲಿ, ಇನ್ನೊಂದು ಕೈ ಹಿಡಿದುಕೊಂಡು ಗೇಟಿನವರೆಗೆ ಹೋಗಿ, ಸಾಕಪ್ಪಾ ಅಂತ ವಾಪಸ್ ಬರ್ತಿದ್ದೆ. ಆ ನಾಲ್ಕು ತಿಂಗಳು ನಾನು ಕಂಡ ಜಯನಗರ ಅಂದ್ರೆ ಬಾಲ್ಕನಿಗೆ ಚಾಚಿದ ಹೊಂಗೆ ಕೊಂಬೆ, ಅಷ್ಟೇ.

ಸ್ಟ್ರಾಲರ್ ತಗೊಳ್ಳೋಣ ಅಂದಾಗ ಮನೆಯಲ್ಲಿ ಮೂರು ಪಕ್ಷ ಆಯ್ತು. ಅತ್ತೆಗೆ ಅದು ದಂಡದ ಖರ್ಚು: "ನಾವೆಲ್ಲ ಎತ್ತಿಕೊಂಡೇ ಬೆಳೆಸಲಿಲ್ವೇನಮ್ಮಾ?" ನಮ್ಮವರಿಗೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸೋ ಡಬಲ್ ಸ್ಟ್ರಾಲರ್ ಬೇಕು. ಅಮೆರಿಕದಿಂದ ಬಂದಿದ್ದ ನಾದಿನಿಯಂತೂ ತಮ್ಮ ಮಗನ ಹಳೇ ಸ್ಟ್ರಾಲರನ್ನೇ ತಂದುಕೊಟ್ಟರು. ಮಗು ಚಪ್ಪಟೆಯಾಗಿ ಮಲಗಬಹುದು, ಸೈಕಲ್ಲಿನಂಥ ದೊಡ್ಡ ಚಕ್ರ, ಕಾಫಿ ಲೋಟ ಇಡೋಕೂ ಜಾಗ. ತೂಕ 13 ಕೆ.ಜಿ. ಮೆಟ್ಟಿಲ ಮೇಲೆ ಅದನ್ನು ಎತ್ತೋದಿರಲಿ, ನೋಡಿದರೇ ಹೊಲಿಗೆ ನೋಯ್ತಿತ್ತು.

ಅಂಗಡಿಗೆ ಹೋಗೋ ಮುಂಚೆ ಒಂದು ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಅಳತೆ ಟೇಪ್ ಹಿಡಿದು ಮಾಧವನ್ ಪಾರ್ಕ್ ಕಡೆ ಹೊರಟೆ. ಹುಚ್ಚು ಅನ್ನಿಸಬಹುದು. ಆದರೆ ಅಂಗಡಿಯ ಟೈಲ್ಸ್ ಮೇಲೆ ಎಲ್ಲ ಸ್ಟ್ರಾಲರೂ ಬೆಣ್ಣೆಯಂತೆ ಜಾರುತ್ತೆ, ನಮ್ಮ ಕ್ರಾಸ್ ರೋಡಿನಲ್ಲಿ ಹಾಗಲ್ಲ. 1948ರಲ್ಲಿ ಶುರುವಾದ ಬಡಾವಣೆ ಇದು. ಅಗಲ ರಸ್ತೆ, ಸಾಲು ಮರ, ಎರಡೂ ಬದಿ ಫುಟ್‌ಪಾತ್ ಎಲ್ಲ ಇದೆ. ಆದರೆ ಅದೇ ಮರಗಳ ಬೇರು ಈಗ ಕಲ್ಲಿನ ಚಪ್ಪಡಿಗಳನ್ನು ಎತ್ತಿ ಹಾಕಿದೆ. ಮಧ್ಯೆ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರು, ಪ್ರತಿ ಮನೆ ಗೇಟಿನ ಮುಂದೆ ಕಾರಿಗೆಂದು ಕಟ್ಟಿದ ಇಳಿಜಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ವಸತಿ ಪ್ರದೇಶದಲ್ಲೂ ನಡೆಯೋಕೆ ಕನಿಷ್ಠ 1.8 ಮೀಟರ್ ಖಾಲಿ ಜಾಗ ಇರಬೇಕು, ಅಂಚಿನ ಕಲ್ಲು 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು. ಒಂದು ಟ್ರಾನ್ಸ್‌ಫಾರ್ಮರಿಗೂ ಕಾಂಪೌಂಡ್ ಗೋಡೆಗೂ ನಡುವೆ ನಾನು ಅಳೆದ ಜಾಗ 62 ಸೆಂಟಿಮೀಟರ್. ನಮ್ಮವರು ಫೋನಿನಲ್ಲಿ ಹುಡುಕಿಟ್ಟಿದ್ದ ಡಬಲ್ ಸ್ಟ್ರಾಲರಿನ ಅಗಲ 76. ಡಬಲ್ ವಿಷಯ ಅಲ್ಲಿಗೇ ಮುಗೀತು.

ಮೊದಲು ನಾನೊಂದು ತಪ್ಪು ಮಾಡಿದೆ. ಹಗುರ ಇದ್ದರೆ ಸಾಕು ಅಂತ ಗೆಳತಿಯಿಂದ ಕೊಡೆಯಂತೆ ಮಡಚೋ ಸ್ಟ್ರಾಲರ್ ಎರವಲು ತಂದೆ. (ಈ ಬಗೆಯದನ್ನು 1965ರಲ್ಲಿ ರೂಪಿಸಿದವರು ಬ್ರಿಟನ್ನಿನ ಓವನ್ ಮ್ಯಾಕ್ಲಾರೆನ್. ಯುದ್ಧವಿಮಾನ ಸ್ಪಿಟ್‌ಫೈರ್‌ನ ಇಳಿಚಕ್ರಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್. ಮೊಮ್ಮಗಳ ಭಾರದ ಗಾಡಿಯ ಪಾಡು ನೋಡಿ ಅಲ್ಯೂಮಿನಿಯಂ ಕೊಳವೆಯಲ್ಲಿ ಮೂರು ಕೆ.ಜಿ.ಗೂ ಕಡಿಮೆ ತೂಕದ್ದು ಮಾಡಿದರಂತೆ. ತಾತ ಅಂದ್ರೆ ಹೀಗಿರಬೇಕು.) ಎರಡು ಪುಟ್ಟ ಸಮಸ್ಯೆ. ಅದರಲ್ಲಿ ಮಗು ಕೂತೇ ಇರಬೇಕು, ನಾಲ್ಕು ತಿಂಗಳಿನವನಿಗೆ ಅದು ಆಗದ ಮಾತು. ಹಾಗಾಗಿ ದೊಡ್ಡವಳನ್ನು ಕೂರಿಸಿ, ಚಿಕ್ಕವನನ್ನು ಎದೆಗೆ ಕಟ್ಟಿಕೊಂಡು ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್ ಕಡೆ ಹೊರಟೆ. ಎರಡನೇ ಸಮಸ್ಯೆ ಆಗ ಗೊತ್ತಾಯ್ತು. ಪುಟ್ಟ ಚಕ್ರ ಎರಡು ಚಪ್ಪಡಿಗಳ ಸಂದಿಗೆ ಸಿಕ್ಕಿ ಗಾಡಿ ಗಕ್ಕನೆ ನಿಂತಿತು, ನಾನು ತಳ್ಳುತ್ತಲೇ ಇದ್ದೆ, ಅದು ಮುಂದಕ್ಕೆ ಮಗುಚಿತು. ಬೆಲ್ಟ್ ಹಾಕಿರಲಿಲ್ಲ. ಹತ್ತು ನಿಮಿಷದ ದಾರಿಗೆ ಯಾಕೆ ಅಂತ. ಹೂವು ಮಾರುತ್ತಿದ್ದ ಅಜ್ಜಿ ಕೂತಲ್ಲಿಂದಲೇ ಕೈ ಚಾಚಿ ಮಗಳ ತೋಳು ಹಿಡಿಯದಿದ್ದರೆ ಹಣೆ ನೇರ ಕಲ್ಲಿಗೆ. "ಏನವ್ವಾ, ಎರಡು ಮಕ್ಕಳ ತಾಯಿ, ನಿಧಾನ" ಅಂದರು. ಕಾಲು ನಡುಗುತ್ತಿತ್ತು. ಆಟೋ ಹಿಡಿದು ಮನೆಗೆ ಬಂದು, ಒಂದು ವಾರ ಹೊರಗೇ ಹೋಗಲಿಲ್ಲ.

ಮತ್ತೆ ಹೊರಡಿಸಿದ್ದು ಅತ್ತೆ. "ದುಡ್ಡು ಹೋದರೆ ಹೋಗಲಿ, ಸರಿಯಾದ್ದು ತಗೊಂಬಾ. ಹೀಗೆ ಮನೇಲಿ ಕೂತು ಮುಖ ಸಪ್ಪೆ ಮಾಡ್ಕೊಂಡಿರಬೇಡ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ನಿರೀಕ್ಷಿಸಿರಲಿಲ್ಲ.

ಕೊನೆಗೆ ಕೊಂಡಿದ್ದು ನಡುವಿನದ್ದು: ಏಳು ಕೆ.ಜಿ., ಬೆನ್ನು ಪೂರ್ತಿ ಹಿಂದಕ್ಕೆ ಬಾಗುತ್ತೆ, ಐದು ಕಡೆ ಬಿಗಿಯೋ ಬೆಲ್ಟ್, ಮುಂದಿನ ಚಕ್ರ ಅತ್ತಿತ್ತ ತಿರುಗದ ಹಾಗೆ ಲಾಕ್ ಮಾಡಬಹುದು. ಉಬ್ಬುತಗ್ಗಿನ ರಸ್ತೆಯಲ್ಲಿ ಈ ಲಾಕ್ ಎಷ್ಟು ಮುಖ್ಯ ಅಂತ ತಳ್ಳಿದವರಿಗೇ ಗೊತ್ತು. ಅಂಗಡಿ ಹುಡುಗನಿಗೆ "ಒಂದೇ ಕೈಯಲ್ಲಿ ಮಡಚಿ ತೋರಿಸಪ್ಪಾ" ಅಂದೆ. "ಮೇಡಂ, ಎರಡು ಕೈ ಬೇಕು" ಅಂತ ಅವನೇ ಪಕ್ಕಕ್ಕಿಟ್ಟ ಮಾಡೆಲ್ಲುಗಳು ಮೂರು. ನನ್ನ ಇನ್ನೊಂದು ಕೈಯಲ್ಲಿ ಸದಾ ಒಂದು ಮಗು ಇರುತ್ತೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು! ಮಡಚಿದ ಮೇಲೆ ಆಟೋ ಸೀಟಿನ ಮುಂದೆ ಹಿಡಿಯುತ್ತಾ ಅಂತಲೂ ನೋಡಿದೆ, ಹೊರಗೆ ನಿಂತಿದ್ದ ಆಟೋದವರನ್ನೇ ಕೇಳಿ. ಮೆಟ್ಟಿಲಿನ ಚಿಂತೆಗೆ ಕೆಳಗಡೆ ಮನೆಯ ಆಂಟಿ ದಾರಿ ತೋರಿಸಿದರು. ಗಾಡಿ ಈಗ ಅವರ ಮೆಟ್ಟಿಲ ಕೆಳಗೆ, ಸ್ಕೂಟರಿನ ಪಕ್ಕ, ಸರಪಳಿ ಹಾಕಿಕೊಂಡು ಮಲಗುತ್ತೆ. ನಾನು ಇಳಿಸಬೇಕಾದ್ದು ಮಕ್ಕಳನ್ನು ಮಾತ್ರ.

ದಾರಿಯನ್ನೂ ಬದಲಾಯಿಸಿದೆ. ಸಂಜೆ ನಾಲ್ಕನೇ ಬ್ಲಾಕ್ ಜನಸಂದಣಿ ಬೇಡ. ಬೆಳಿಗ್ಗೆ ಏಳಕ್ಕೆ ಒಳಗಿನ ಕ್ರಾಸುಗಳಲ್ಲಿ, ಫುಟ್‌ಪಾತ್ ಬಿಟ್ಟು ರಸ್ತೆ ಅಂಚಿನಲ್ಲೇ, ಎದುರಿಂದ ಬರೋ ವಾಹನ ಕಾಣೋ ಹಾಗೆ ಬಲಗಡೆ ಹಿಡಿದು ಸೌತ್ ಎಂಡ್ ಸರ್ಕಲ್ ತಲುಪೋದು. ಅಲ್ಲಿ ಮೆಟ್ರೊ ಲಿಫ್ಟ್, ಗಾಲಿಕುರ್ಚಿಗೆಂದಿರೋ ಅಗಲದ ಗೇಟು. ಒಂದೇ ಸ್ಟೇಷನ್, ಲಾಲ್‌ಬಾಗ್.

ಪಶ್ಚಿಮ ದ್ವಾರದಿಂದ ಒಳಗೆ ಹೋದಾಗ ಮೊದಲ ಸಲ ಹ್ಯಾಂಡಲ್ ಹಿಡಿತ ಸಡಿಲ ಮಾಡಿದೆ. ನುಣುಪಾದ ದಾರಿ, ಹಾರ್ನ್ ಇಲ್ಲ. ಮುನ್ನೂರು ಕೋಟಿ ವರ್ಷದ ಬಂಡೆ ಹತ್ತೋಕಾಗಲ್ಲ ಅನ್ನೋದೊಂದೇ ಕೊರತೆ. ದೊಡ್ಡವಳು ತಮ್ಮನ ಗಾಡಿಯನ್ನು ತಾನೇ ತಳ್ಳುತ್ತೀನಿ ಅಂತ ಹಟ ಹಿಡಿದಳು. ಅವಳ ಕೈ ಪಕ್ಕ ನನ್ನ ಕೈಯೂ ಇತ್ತು. ಗಾಜಿನ ಮನೆ ಹತ್ತಿರ ಬರೋ ಹೊತ್ತಿಗೆ ಚಿಕ್ಕವನಿಗೆ ನಿದ್ದೆ. ಬೆಂಚಿನ ಮೇಲೆ ಕೂತು, ಬ್ರೇಕ್ ಹಾಕಿದೀನಾ ಅಂತ ಎರಡು ಸಲ ನೋಡಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಿಸಿಯಾಗಿಯೇ ಕುಡಿದ ಕಾಫಿ ಅದು.